ಹಗ್ಗದ ಸಮಿತಿ

ನನ್ನನ್ನು ಈ ಊರಿಗೆ ಕೊಡುವ ಮೊದಲು ನನ್ನವ್ವ ಒಬ್ಬಳೇ ಬಂದು ಹಗ್ಗ ಮುಟ್ಟಿ ನೋಡಿ ಹೋಗಿದ್ದಳು. ಹುಡುಗನ ಮುಖ ನೋಡಲಿಲ್ಲ, ಹೊಲ ಎಷ್ಟೆಂದು ಕೇಳಲಿಲ್ಲ. ಹಿತ್ತಲಿನಲ್ಲಿ ಒಣಹಾಕಿದ್ದ ದೊಡ್ಡ ಸೊಸೆಯ ಸೀರೆಯನ್ನು ಅಂಗೈಯಲ್ಲಿ ಹಿಡಿದು, ಕೆನ್ನೆಗೆ ಒತ್ತಿ, ಹಪ್ಪಳದ ಹಾಗೆ ಗರಿಗರಿಯಾಗಿದೆ ಎಂದು ಖಾತ್ರಿಯಾದ ಮೇಲೆಯೇ ಒಳಗೆ ಹೋಗಿ ಚಹಾ ಕುಡಿದಳಂತೆ. ಇಲ್ಲಿಗೆ ಹೆಣ್ಣು ಕೊಡುವವರೆಲ್ಲ ಹೀಗೆಯೇ. ಜಾತಕ ಕೂಡದಿದ್ದರೂ ನಡೆಯುತ್ತದೆ, ಸೀರೆ ಹಸಿ ಇದ್ದರೆ ನಡೆಯುವುದಿಲ್ಲ.

ನಮ್ಮ ಊರಿನಲ್ಲಿ ಪೆಟ್ಟು ತಿಂದವರ ಬಟ್ಟೆ ಒಣಗುವುದಿಲ್ಲ. ತಲೆ ಸೀಳುವ ಬಿಸಿಲು, ಅದರ ಮೇಲೆ ಬಯಲ ಗಾಳಿ. ಹಸಿ ಮೆಣಸಿನಕಾಯಿ ಮಧ್ಯಾಹ್ನದೊಳಗೆ ಸುರುಟಿಕೊಳ್ಳುತ್ತದೆ. ಅಂಥ ಬಿಸಿಲಿನಲ್ಲಿ ಒಂದು ಸೀರೆ ಮಾತ್ರ ಸೋಮವಾರದಿಂದ ಸೋಮವಾರದ ತನಕ ತೊಟ್ಟಿಕ್ಕುತ್ತ ನಿಂತಿದ್ದರೆ ಆ ಮನೆಯಲ್ಲಿ ಏನು ನಡೆದಿದೆ ಎಂದು ಯಾರೂ ಯಾರಿಗೂ ಹೇಳಬೇಕಾಗಿಲ್ಲ. ಹೇಳಬೇಕಾಗಿಲ್ಲ ಅಂದಮೇಲೆ ಮುಚ್ಚಿಡುವವರು ಸುಮ್ಮನಿರುತ್ತಾರೆಯೇ? ಒಬ್ಬ ಇಸ್ತ್ರಿ ಹಾಕಿಸಿ ನೋಡಿದ. ಇಸ್ತ್ರಿ ಪೆಟ್ಟಿಗೆಯ ಕೆಂಡವೇ ಆರಿತು. ಇನ್ನೊಬ್ಬ ಹೆಂಡತಿಯ ಸೀರೆಯಂಥದ್ದೇ ಇನ್ನೊಂದು ತಂದು ಹಗ್ಗದ ಮೇಲೆ ಹಾಕಿದ, ಆದರೆ ಅಂಗಡಿಯ ಮಡಿಕೆ ಬಿಚ್ಚುವುದನ್ನು ಮರೆತ. ಶಾಲೆಯ ಮಾಸ್ತರರು ಬೆತ್ತ ಬಿಟ್ಟು ಬಹಳ ಕಾಲವಾಯಿತು, ಯಾಕೆಂದರೆ ಮರುದಿನ ಅರ್ಧ ತರಗತಿ ಒದ್ದೆ ಅಂಗಿಯಲ್ಲಿ ಬಂದು ಕೂತರೆ ಬೆಂಚೆಲ್ಲ ಪಾಚಿಗಟ್ಟುತ್ತಿತ್ತು. ಕಿರಾಣಿ ಅಂಗಡಿಯ ಒಬ್ಬ ಯಜಮಾನನ ಧೋತರವೂ ಒಮ್ಮೆ ಒಣಗಿರಲಿಲ್ಲ. ಅವನ ಹೆಂಡತಿ ಒಳ್ಳೆಯ ಕಟ್ಟುಮಸ್ತು ಹೆಂಗಸು. ಜನ ನಕ್ಕರು, ಆಮೇಲೆ ಅವನ ಮುಖ ನೋಡಿ ನಗುವುದು ಬಿಟ್ಟರು.

ಹಸಿ ಬಟ್ಟೆ ಕಂಡರೆ ಹೋಗಿ ಕೇಳುವುದಕ್ಕೆಂದು ಒಂದು ಸಮಿತಿ ಇದೆ. ಬೋರ್ಡಿನ ಮೇಲೆ ಅದಕ್ಕೆ ಮಹಿಳೆ, ಮಕ್ಕಳು, ಸಂರಕ್ಷಣೆ ಎಂದೆಲ್ಲ ಉದ್ದ ಹೆಸರಿದೆ. ಬಾಯಲ್ಲಿ ಮಾತ್ರ ಅದು ಹಗ್ಗದ ಸಮಿತಿ. ಮದುವೆಯಾಗಿ ಬಂದ ವರ್ಷವೇ ನಿಂಬೆವ್ವ ನನ್ನನ್ನು ಅದಕ್ಕೆ ಎಳೆದುಕೊಂಡಳು. ನಿಂಬೆವ್ವ ಅದರ ಹಿರಿಯಳು. ಗಿಡ್ಡ ಆಳು, ಗಂಡುದನಿ, ಕುಂಕುಮದ ಬೊಟ್ಟು ರೂಪಾಯಿಯಗಲ. ಸಂಜೆ ಹೊತ್ತು ಇಳಿಯುತ್ತಿದ್ದಂತೆ ಅವಳು ಓಣಿಗೆ ಇಳಿದರೆ ಗಂಡಸರು ತಮ್ಮ ತಮ್ಮ ಹಗ್ಗದ ಕಡೆ ಒಮ್ಮೆ ಕಣ್ಣು ಹಾಯಿಸುತ್ತಿದ್ದರು. ಅವಳ ಅಂಗೈಗೆ ಎರಡು ಥರದ ಹಸಿ ಗೊತ್ತಿತ್ತು. ಬರೀ ನೀರಿನ ಹಸಿ ತಣ್ಣಗಿರುತ್ತದೆ. ಪೆಟ್ಟಿನ ಹಸಿ ಜ್ವರ ಬಂದ ಕೂಸಿನ ಹಣೆಯ ಹಾಗೆ ಉಗುರುಬೆಚ್ಚಗಿರುತ್ತದೆ. ಒಂದೆರಡು ತಿಂಗಳು ಜೊತೆಗೆ ಓಡಾಡಿದ ಮೇಲೆ ನಮ್ಮೆಲ್ಲರ ಅಂಗೈಗೂ ಅದು ತಿಳಿಯತೊಡಗಿತು.

ಬೆಚ್ಚಗಿನ ಹಸಿ ಸಿಕ್ಕರೆ ಜಗಳವಿಲ್ಲ, ವಿಚಾರಣೆಯಿಲ್ಲ. ನಿಂಬೆವ್ವ ಬಟ್ಟೆಯನ್ನು ಹಗ್ಗದಿಂದ ಎತ್ತಿ ಹೆಗಲ ಮೇಲೆ ಹಾಕಿಕೊಂಡು, ಬಾಗಿಲಲ್ಲಿ ನಿಂತು, "ಈ ಬಟ್ಟಿ ಯಾರ್ದವಾ?" ಎಂದು ಒಂದೇ ಮಾತು ಕೇಳುತ್ತಾಳೆ. ಬಟ್ಟೆಯವಳು ಹೊರಗೆ ಬಂದು ಅವಳ ಹಿಂದೆ ನಡೆಯುತ್ತಾಳೆ, ಸೆರಗಿನ ಹಿಂದೆ ಮಕ್ಕಳು. ತಡೆಯುವ ಹಾಗಿಲ್ಲ. ಬಟ್ಟೆಯನ್ನು ನಾಲ್ಕು ದಾರಿ ಕೂಡುವ ಕಟ್ಟೆಯ ಮುಂದಿನ ಹಗ್ಗಕ್ಕೆ ಹೆಸರು ಹೇಳಿ ಹಾಕುತ್ತೇವೆ. ಅದು ಒಣಗುವ ತನಕ ಅವಳು ನಮ್ಮ ಯಾರಾದರೊಬ್ಬರ ಮನೆಯಲ್ಲಿ ಉಂಡು ಮಲಗುತ್ತಾಳೆ. ಒಣಗಿದ ದಿನ ಹೊಳ್ಳಿ ಮನೆಗೆ ಹೋಗುತ್ತಾಳೆ. ಆಮೇಲೆ ಮತ್ತೊಮ್ಮೆ ಹಸಿಯಾದರೆ ಅವಳು ಹೋಗುವುದಿಲ್ಲ, ಆ ಮನೆಯ ಗಂಡಸೇ ಹೊರಗೆ ಹೋಗುತ್ತಾನೆ. ಒಣಗಿದ ಮೇಲೆ ಹೊಳ್ಳಿ ಕಳಿಸುತ್ತೇವೆ ಎಂಬ ನಂಬಿಕೆ ಇರುವುದರಿಂದಲೇ ಜನ ಬಾಗಿಲು ಅಡ್ಡಗಟ್ಟದೆ ಬಿಡುತ್ತಾರೆ. ಆ ಮಾತೊಂದು ಮುರಿದರೆ ಸಮಿತಿಯೂ ಮುರಿದ ಹಾಗೆ.

ಇನ್ನೊಂದು ಕಟ್ಟಳೆಯಿತ್ತು. ಹಗ್ಗದ ಮೇಲಿನ ಬಟ್ಟೆ ಮಾತ್ರ ಮುಟ್ಟಬೇಕು, ಮೈಮೇಲಿನ ಬಟ್ಟೆ ಮುಟ್ಟಬಾರದು. ಹಿಂದೆ ಯಾರೋ ಹುಮ್ಮಸ್ಸಿನಲ್ಲಿ ಸಂತೆಗೆ ಹೊರಟ ಹೆಂಗಸರ ಸೆರಗು ಹಿಡಿದು ಹಿಡಿದು ನೋಡಿ ರಾದ್ಧಾಂತವಾಗಿತ್ತಂತೆ. ಮೈಮೇಲಿನದು ಅವರವರ ಮಾನ. ಒಳ್ಳೆಯ ಕಟ್ಟಳೆ, ಅದರಲ್ಲಿ ಎರಡು ಮಾತಿಲ್ಲ.

ಸುತ್ತು ಮುಗಿಸಿ ನಾವು ಕೂರುತ್ತಿದ್ದುದು ಸುಲೋಚನಕ್ಕನ ಮನೆಯ ಕಟ್ಟೆಯ ಮೇಲೆ. ಸುಲೋಚನಕ್ಕ ಸಮಿತಿಯವಳೇ, ನಿಂಬೆವ್ವನ ಬಾಲ್ಯದ ಗೆಳತಿ. ಇಬ್ಬರೂ ಒಂದೇ ಕೊಡದಲ್ಲಿ ಈಜು ಕಲಿತವರು ಎಂದು ಸಮಿತಿಯ ನಾಲ್ಕನೆಯವಳಾದ ನಮ್ಮ ಮಾಬೂಬಿ ಚೇಷ್ಟೆ ಮಾಡುತ್ತಿದ್ದಳು. ಸುಲೋಚನಕ್ಕನ ಮನೆಯ ಹಗ್ಗ ಊರಿಗೇ ಮಾದರಿ: ಸೊಸೆಯ ಸೀರೆ, ಮೊಮ್ಮಕ್ಕಳ ಚಡ್ಡಿ, ಎಲ್ಲ ಪಟಪಟ ಹಾರುತ್ತಿದ್ದವು. ಹಸಿ ಬಟ್ಟೆಯವಳನ್ನು ಎಷ್ಟೋ ಸಲ ಅವಳೇ ಮನೆಯಲ್ಲಿ ಇಟ್ಟುಕೊಂಡು, ತಲೆಗೆ ಎಣ್ಣೆ ಹಚ್ಚಿ, ಬಿಸಿ ರೊಟ್ಟಿ ಬಡಿಸಿದ್ದಾಳೆ. ಇದನ್ನೂ ಹೇಳಲೇಬೇಕು, ಹೇಳದಿದ್ದರೆ ಅನ್ಯಾಯವಾದೀತು.

ಕಟ್ಟೆಗೆ ಚಹಾ ತರುತ್ತಿದ್ದುದು ಅವರ ಮನೆಯ ಕೆಲಸದ ಹುಡುಗಿ. ದೂರದ ಯಾವುದೋ ಹಳ್ಳಿಯಿಂದ, ಓದಿಸುತ್ತೇನೆಂದು ಹೇಳಿ ಸುಲೋಚನಕ್ಕ ಕರೆತಂದ ಮಗು. ಅವ್ವ ಇಲ್ಲ, ದುಡಿಯಲು ಹೋದ ಅಪ್ಪ ಹೊಳ್ಳಿ ಬಂದಿಲ್ಲ. ಸಣ್ಣ ಮೋರೆ, ಮೊಣಕಾಲಿಗಿಂತ ಮೇಲಿನ ಹಳದಿ ಫ್ರಾಕು. ಟ್ರೇ ಹಿಡಿದು ನಿಂತರೆ ಫ್ರಾಕಿನ ಅಂಚಿನಿಂದ ಹನಿ ಬೀಳುತ್ತಿತ್ತು. ಪಾತ್ರೆ ತೊಳೆಯುತ್ತ ತೋಯಿಸಿಕೊಂಡಿದೆ ಎಂದುಕೊಂಡು ನಾವು ಚಹಾ ಹೀರುತ್ತಿದ್ದೆವು. "ಏ ಹುಡುಗಿ, ನೀರಾಗ ಆಡಬ್ಯಾಡ, ಥಂಡಿ ಆಗ್ತೈತಿ" ಎಂದು ನಿಂಬೆವ್ವ ಪ್ರೀತಿಯಿಂದಲೇ ಗದರುತ್ತಿದ್ದಳು. ಹುಡುಗಿ "ಹೂಂನ್ರಿ" ಎಂದು ಒಳಗೆ ಹೋಗುತ್ತಿತ್ತು.

ಆ ಬೇಸಿಗೆ ಕೆರೆಯ ಹೂಳು ತೆಗೆಸಿದರು. ನಮಗೆ ಇರುವುದು ಒಂದೇ ಕೆರೆ. ಮನೆಗೆ ಎರಡು ಕೊಡ ಕುಡಿಯುವ ನೀರನ್ನು ಬಂಡಿಯಲ್ಲಿ ತಂದು ಕೊಡುತ್ತಿದ್ದರು, ಅಷ್ಟೇ. ಸ್ನಾನವಿಲ್ಲ, ಒಗೆಯುವುದಿಲ್ಲ. ಎಲೆಯಲ್ಲಿ ಉಂಡು ಎಸೆದರು, ಪಾತ್ರೆಗಳನ್ನು ಬೂದಿ ಹಾಕಿ ತಿಕ್ಕಿ ಒಣಬಟ್ಟೆಯಲ್ಲಿ ಒರೆಸಿದರು. ಊರಿನ ಹಗ್ಗಗಳೆಲ್ಲ ಬರಿದಾಗಿ ಗಾಳಿಗೆ ಸುಮ್ಮನೆ ಗುಂಯ್‌ಗುಡುತ್ತಿದ್ದವು. ಮುಟ್ಟಲು ಏನೂ ಇಲ್ಲದೆ ಸಮಿತಿಗೆ ರಜೆ. ಆದರೂ ಚಹಾದ ಚಟ ಬಿಡಬೇಕಲ್ಲ, ಸಂಜೆಯಾದರೆ ನಾವು ಸುಲೋಚನಕ್ಕನ ಕಟ್ಟೆಗೆ ಹಾಜರ್.

ಅಂಥ ಒಂದು ಸಂಜೆ ಹುಡುಗಿ ಚಹಾ ತಂದಿತು. ನಾವು ಒಬ್ಬೊಬ್ಬರೇ ಲೋಟ ತೆಗೆದುಕೊಂಡೆವು. ಅದು ಒಳಗೆ ಹೋಯಿತು. ನಿಂಬೆವ್ವ ಬಾಯಿಗೆ ಒಯ್ದ ಲೋಟವನ್ನು ಹಾಗೆಯೇ ಹಿಡಿದು ಕೂತಳು. ಹುಡುಗಿ ನಿಂತಿದ್ದ ಕಲ್ಲಿನ ಮೇಲೆ, ಸುತ್ತ ಹಗಲಿನ ಬಿಸಿಲಿಗೆ ಕಾದ ಒಣ ನೆಲದ ನಡುವೆ, ತಟ್ಟೆಯಗಲದ ಒದ್ದೆ ಗುರುತು ಉಳಿದಿತ್ತು. ಇಡೀ ಊರಿನಲ್ಲಿ ಒಂದು ಚಮಚ ತೊಳೆಯಲೂ ನೀರಿಲ್ಲ. ಇದು ಎಲ್ಲಿಂದ ತೋಯಿತು?

"ಸುಲೋಚನಾ," ಅಂದಳು ನಿಂಬೆವ್ವ, "ಆ ಕೂಸಿನ್ನ ಒಂದೀಟ ಹೊರಗ ಕರಿ."

ಹುಡುಗಿ ಬಂತು. ನಿಂಬೆವ್ವ ಕೈ ಚಾಚಿದವಳು ಕಟ್ಟಳೆ ನೆನಪಾಗಿ ನಡುವೆಯೇ ತಡೆದಳು. "ನಿನ್ನ ಫ್ರಾಕ ಯಾಕ ತೊಯ್ದೈತವಾ?"

"ಗೊತ್ತಿಲ್ರಿ. ಯಾವಾಗ್ಲೂ ಹಿಂಗ ಇರ್ತೈತ್ರಿ."

"ಒಣಗಾಕ ಹಾಕೂದಿಲ್ಲೇನ?"

"ಒಂದ ಐತ್ರಿ," ಅಂದಿತು ಮಗು. "ಬಿಚ್ಚಿದ್ರ ಏನ್ ಹಾಕ್ಕೊಳ್ಲಿ?"

ಹಗ್ಗದ ಮೇಲೆ ಆ ಮಗುವಿನ ಬಟ್ಟೆಯನ್ನು ನಾವು ಒಂದು ದಿನವೂ ಕಂಡಿರಲಿಲ್ಲ. ಊರಿನ ಹಗ್ಗವನ್ನೆಲ್ಲ ಮುಟ್ಟಿ ಬಂದ ಕೈಗೆ ಅದು ದಿನಾ ಚಹಾ ಕೊಟ್ಟು ಹೋಗುತ್ತಿತ್ತು.

ಸುಲೋಚನಕ್ಕನ ಮೋರೆ ಕೆಂಪಗಾಯಿತು. "ಏನ್ ನಿಂಬೆವ್ವ, ನನ್ನ ಮನೀ ಮುಂದ ಕುಂತು ನನಗ ಹಗ್ಗ ಹಿಡೀತಿಯೇನ? ಕೆಲಸದ ಹುಡುಗಿ ಅದು. ಹಾಲು ಉಕ್ಕಿಸ್ತೈತಿ, ಕಪ್ಪು ಒಡೀತೈತಿ. ತಪ್ಪು ಮಾಡಿದ್ರ ಎರಡು ಕೊಟ್ಟು ಬುದ್ಧಿ ಹೇಳ್ತೀನಿ. ಅದೇನು ಬಡಿಯೂದಾ?"

ಅವಳು ಸುಳ್ಳು ಹೇಳುತ್ತಿರಲಿಲ್ಲ, ಅದೇ ನನಗೆ ಇವತ್ತಿಗೂ ನೋಯುವುದು. ಗಂಡ ಹೆಂಡತಿಗೆ ಹೊಡೆದರೆ ಬಡಿಯುವುದು, ತಾನು ಹುಡುಗಿಗೆ ಕೊಟ್ಟರೆ ಬುದ್ಧಿ ಎಂದು ಅವಳು ಮನಸಾರೆ ನಂಬಿದ್ದಳು.

"ಹಗ್ಗದ ಮ್ಯಾಲ ಇದ್ರ ಎತ್ತು," ಅಂದಳು ಮತ್ತೆ. "ಮೈಮ್ಯಾಲಿಂದು ಮುಟ್ಟೂದಿಲ್ಲಂತ ಕಟ್ಟಳೆ ಮಾಡಿದಾಕಿ ನಿಮ್ಮವ್ವನ ಅಲ್ಲೇನ?"

ನಿಂಬೆವ್ವ ಮಾಬೂಬಿಯ ಕಡೆ ನೋಡಿದಳು. ಮಾಬೂಬಿ ತನ್ನ ಮೇಲಿನ ಚಾದರ ತೆಗೆದು ಹುಡುಗಿಯ ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು. ಹೊರಗೆ ನಾವು ಮೂವರು ಒಬ್ಬರ ಮುಖ ಒಬ್ಬರು ನೋಡದೆ ಕೂತಿದ್ದೆವು. ಚಹಾದ ಮೇಲೆ ಕೆನೆ ಕಟ್ಟುತ್ತಿತ್ತು. ಸ್ವಲ್ಪ ಹೊತ್ತಿಗೆ ಇಬ್ಬರೂ ಬಂದರು. ಮಗು ಕೊರಳಿಂದ ಪಾದದ ತನಕ ಚಾದರ ಸುತ್ತಿಕೊಂಡಿತ್ತು, ಕೈಯಲ್ಲಿ ಹಳದಿ ಫ್ರಾಕು. ಸದಾ ನಗಿಸುವ ಮಾಬೂಬಿಯ ತುಟಿ ಬಿಳಚಿತ್ತು. "ಬೆನ್ನು ನಾ ನೋಡೀನಿ," ಅಂದಳು, "ನೀವ್ಯಾರೂ ನೋಡಬ್ಯಾಡ್ರಿ."

"ಹೋಗವಾ," ಅಂದಳು ನಿಂಬೆವ್ವ ಹುಡುಗಿಗೆ. "ಆ ಹಗ್ಗದ ಮ್ಯಾಲ ಹಾಕಿ ಬಾ."

ಹುಡುಗಿಗೆ ಹಗ್ಗ ಎಟುಕಲಿಲ್ಲ. ನಾನು ಎತ್ತಿಕೊಂಡೆ. ಬರಿದಾದ ಆ ಉದ್ದನೆಯ ಹಗ್ಗದ ಮೇಲೆ ಅಂಗೈಯಗಲದ ಫ್ರಾಕು ಒಂದೇ ನೇತಾಡಿತು, ಹನಿ ಹಾಕುತ್ತ. ಆಗ ನಿಂಬೆವ್ವ ಎದ್ದಳು. ಸೀರೆ ಸರಿಮಾಡಿಕೊಂಡು ಹೋಗಿ ಅಂಗೈ ಇಟ್ಟಳು. ಇಟ್ಟ ಕೈ ತೆಗೆಯದೆ ಕಣ್ಣು ಮುಚ್ಚಿ ಬಹಳ ಹೊತ್ತು ನಿಂತಳು. ಆಮೇಲೆ ಫ್ರಾಕನ್ನು ಎತ್ತಿ ಹೆಗಲ ಮೇಲೆ ಹಾಕಿಕೊಂಡು ಬಾಗಿಲಿಗೆ ಬಂದು, ಐವತ್ತು ವರ್ಷದ ಗೆಳತಿಯ ಎದುರು ನಿಂತು, "ಈ ಬಟ್ಟಿ ಯಾರ್ದವಾ?" ಅಂದಳು. ಹುಡುಗಿ, "ನಂದ್ರಿ," ಅಂದು ಅವಳ ಹಿಂದೆ ನಡೆಯಿತು. ಸುಲೋಚನಕ್ಕ ಕಂಬ ಹಿಡಿದು ನಿಂತೇ ಇದ್ದಳು. ತಡೆಯಲಿಲ್ಲ.

ನಾಲ್ಕು ದಾರಿಯ ಹಗ್ಗದ ಹತ್ತಿರ ಹೋದಾಗ ನಮಗೊಂದು ಪೇಚಾಯಿತು. ಹೆಸರು ಹೇಳಿ ಹಾಕಬೇಕು, ಆದರೆ ಹೆಸರು ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ. ಕೇಳಿದೆವು. ಭರಮವ್ವ ಅಂದಿತು ಮಗು, ಯಾರೋ ಬೇರೆಯವರ ಹೆಸರು ಹೇಳುವ ಹಾಗೆ.

ಭರಮವ್ವ ನಿಂಬೆವ್ವನ ಮನೆಯಲ್ಲಿ ಉಳಿದಳು. ನನ್ನ ಮಗಳ ಎರಡು ಲಂಗ ಕೊಟ್ಟೆ. ಮೊದಲ ದಿನ ಒಣ ಬಟ್ಟೆಯಲ್ಲಿ ಅವಳಿಗೆ ನಿದ್ದೆ ಬರಲಿಲ್ಲವಂತೆ, ಮೈ ಚುರುಚುರು ಅನ್ನುತ್ತದೆ ಅಂದಳು. ಆಮೇಲೆ ಹೊತ್ತು ಏರಿದರೂ ಏಳದಂತೆ ಮಲಗತೊಡಗಿದಳು. ನಿಂಬೆವ್ವ ಬೆನ್ನಿಗೆ ಬೆಣ್ಣೆ ಹಚ್ಚುತ್ತಿದ್ದಳು. ಕೆರೆಗೆ ನೀರು ಬಿಟ್ಟರು, ಊರಿನ ಹಗ್ಗಗಳೆಲ್ಲ ತುಂಬಿದವು. ಒಂದು ದಿನ ನಾವು ಇನ್ನೊಂದು ಬೀದಿಯಿಂದ ಒಬ್ಬಳ ಸೀರೆ ಎತ್ತಿಕೊಂಡು ಬಂದೆವು. ಕೆಲವು ದಿನಕ್ಕೆ ಅದು ಒಣಗಿತು, ಅವಳು ಮನೆಗೆ ಹೋದಳು. ಹೋಗುವಾಗ ಗಂಡ ಬಂದು ತಲೆ ತಗ್ಗಿಸಿ ನಿಂತಿದ್ದ. ಭರಮವ್ವ ನಾಲ್ಕು ದಾರಿಯ ಕಟ್ಟೆಯ ಮೇಲೆ ಕೂತು ಅದನ್ನೆಲ್ಲ ನೋಡಿದಳು. ಅಂದು ಉಣ್ಣುವಾಗ ಕೇಳಿದಳು, "ಒಣಗಿದ್ರ ನಾನೂ ಹೊಳ್ಳಿ ಹೋಗಬೇಕೇನ್ರಿ?"

ನಿಂಬೆವ್ವ ರೊಟ್ಟಿ ಮುರಿದು ಅವಳ ತಾಟಿಗೆ ಹಾಕಿದಳು. ಹೇಳುವುದಾದರೂ ಏನು? ಒಣಗಿದರೆ ಕಳಿಸಬೇಕು. ಅಲ್ಲಿ ಮತ್ತೊಮ್ಮೆ ಪೆಟ್ಟು ಬಿದ್ದು ಮತ್ತೊಮ್ಮೆ ಹಸಿಯಾದರೆ ಮಾತ್ರ ಆ ಕೈಯಿಂದ ಅವಳನ್ನು ಪೂರ್ತಿ ಬಿಡಿಸಬಹುದು. ಆ ಮತ್ತೊಮ್ಮೆಗೆ ಕಾಯುತ್ತ ಕೂರುವುದು ಹೇಗೆ? ಕಳಿಸದಿದ್ದರೆ ನಾಳೆ ಯಾವ ಗಂಡ ಬಾಗಿಲು ಬಿಟ್ಟಾನು? ನಾಳೆ ಎತ್ತಬೇಕಾದ ಸೀರೆಗಳೆಲ್ಲ ಹಗ್ಗದ ಮೇಲೆಯೇ ಕೊಳೆಯುತ್ತವೆ. "ಒಣಗಬ್ಯಾಡ ತಾಯಿ, ಒಣಗಬ್ಯಾಡ" ಎಂದು ನಿಂಬೆವ್ವ ಆ ಫ್ರಾಕಿಗೆ ಹೇಳುವುದನ್ನು ನಾನೇ ಕೇಳಿದ್ದೇನೆ. ಊರಿನ ಬಟ್ಟೆ ಒಣಗಲಿ ಎಂದು ಬೇಡಿಕೊಂಡೇ ಮುದುಕಿಯಾದವಳು.

ಫ್ರಾಕು ಒಣಗಲಿಲ್ಲ. ವಾರ ಕಳೆಯಿತು, ಅಮಾವಾಸ್ಯೆ ಕಳೆಯಿತು. ಮಗುವಿನ ಕೆನ್ನೆ ತುಂಬಿತು, ನಗತೊಡಗಿತು, ಓಣಿಯ ಮಕ್ಕಳ ಜೊತೆ ಕುಂಟಾಬಿಲ್ಲೆ ಆಡಿ ಜಗಳವಾಡಿ ಬರತೊಡಗಿತು. ಫ್ರಾಕು ಮಾತ್ರ ಹನಿ ಹಾಕುತ್ತಲೇ ಇತ್ತು. ನಿಂಬೆವ್ವ ಬೆಳಿಗ್ಗೆ ಮುಟ್ಟಿ ನೋಡುವಳು, ಅಂಗೈಯನ್ನು ಸೆರಗಿಗೆ ಒರೆಸಿಕೊಂಡು ಮನೆಗೆ ನಡೆಯುವಳು.

ಒಂದು ನಸುಕಿನಲ್ಲಿ ಅವಳು ನೀರಿಗೆಂದು ಹೊರಟು ನನ್ನನ್ನೂ ಕರೆದಳು. ನಾಲ್ಕು ದಾರಿಯ ಹತ್ತಿರ ಬರುತ್ತಿದ್ದಂತೆ ನನ್ನ ಕೈ ಹಿಡಿದು ನಿಲ್ಲಿಸಿದಳು. ಕಟ್ಟೆಯ ಮೇಲೆ ಕಲ್ಲು, ಕಲ್ಲಿನ ಮೇಲೆ ತುದಿಗಾಲಲ್ಲಿ ಭರಮವ್ವ. ಕೈಯಲ್ಲಿ ತಂಬಿಗೆ. ಹಗ್ಗದ ಮೇಲಿನ ಫ್ರಾಕಿಗೆ ಅಂಗೈಯಿಂದ ನೀರು ಎರಚುತ್ತಿದ್ದಳು, ಗಿಡಕ್ಕೆ ಎರೆಯುವ ಹಾಗೆ, ಒಂದು ಹನಿಯೂ ಪೋಲಾಗದಂತೆ. ನಾವು ಕಂಡದ್ದೇ ತಡ ತಂಬಿಗೆ ಕೈಜಾರಿತು, ಎರಡೂ ಕೈ ತಲೆಯ ಮೇಲೆ ಇಟ್ಟುಕೊಂಡು ಕುಕ್ಕರಿಸಿದಳು. "ಹೊಡೀಬ್ಯಾಡ್ರಿ," ಅಂದಳು.

ನಿಂಬೆವ್ವ ಏದುಸಿರು ಬಿಡುತ್ತ ಕಟ್ಟೆ ಹತ್ತಿದಳು. ತಂಬಿಗೆ ಎತ್ತಿಕೊಂಡಳು. ಅದರಲ್ಲಿ ಇನ್ನೂ ಸ್ವಲ್ಪ ಉಳಿದಿತ್ತು. "ಹುಚ್ಚಿ," ಅಂದಳು, "ಹಿಂಗ ಎರಚಿದ್ರ ತೋಳಿಗೆ ಹತ್ತೂದಿಲ್ಲ. ಮದಲ ತೋಳಿಗೆ ಹಾಕಬೇಕು. ನೋಡಿಲ್ಲಿ." ಉಳಿದ ನೀರನ್ನು ಎರಡೂ ತೋಳಿಗೆ ಸುರಿದು ಹಿಂಡದೆ ಬಿಟ್ಟಳು. ಅವಳ ಕಣ್ಣಲ್ಲಿ ನೀರಿತ್ತು, ಬಾಯಲ್ಲಿ ನಗು. ಫ್ರಾಕು ಒಣಗಿ ಎಷ್ಟು ದಿನವಾಗಿತ್ತೋ. ಹಸಿ ತಣ್ಣಗಾದದ್ದು ಅವಳ ಅಂಗೈಗೆ ತಿಳಿಯದೆ ಇದ್ದೀತೆ?

ಊರು ಗೊಣಗತೊಡಗಿತು. ಇಷ್ಟು ದಿನ ಯಾವ ಬಟ್ಟೆ ಹಸಿ ಇರುತ್ತದೆ, ಏನೋ ಮಸಲತ್ತು ಇದೆ ಎಂದರು ಹಿರಿಯರು. ಬಟ್ಟೆ ಎತ್ತಿಸಿಕೊಂಡ ಮನೆಯವರಿಗೆ ಬಂದು ಮುಟ್ಟಿ ನೋಡುವ ಹಕ್ಕುಂಟು, ಸುಲೋಚನಕ್ಕನೇ ಬಂದು ನೋಡಲಿ ಎಂದು ತೀರ್ಮಾನವಾಯಿತು. ಸಂತೆಯ ದಿನ ಬೆಳಿಗ್ಗೆ ಜನ ಸೇರಿದರು. ಬೇರೆ ಯಾರಾದರೂ ಬಂದಿದ್ದರೆ ಹಸಿ ಕಂಡು ಹೋಗುತ್ತಿದ್ದರು. ಸುಲೋಚನಕ್ಕನ ಅಂಗೈ ನಮ್ಮ ಅಂಗೈ. ನಿಂಬೆವ್ವನ ಜೊತೆ ಸರಿಸಮ ಊರಿನ ಹಗ್ಗ ಮುಟ್ಟಿ ಪಳಗಿದ ಕೈ.

ಅವಳು ಬಂದಳು. ಸೊರಗಿ ಇಳಿದು ಹೋಗಿದ್ದಳು. ಅವಳ ಕಟ್ಟೆಯ ಮೇಲೆ ಈಗ ಯಾರೂ ಕೂರುತ್ತಿರಲಿಲ್ಲ. ಯಾರನ್ನೂ ನೋಡದೆ ನೇರವಾಗಿ ಹೋಗಿ ಫ್ರಾಕಿನ ಮೇಲೆ ಅಂಗೈ ಇಟ್ಟಳು. ಇಟ್ಟ ಕೂಡಲೇ ಅವಳ ಹುಬ್ಬು ಸಣ್ಣಗೆ ಕೂಡಿದ್ದನ್ನು ನಾನು ಕಂಡೆ. ತಣ್ಣಗಿನ ನೀರು, ಬೆಳಗಿನದೇ. ಅವಳಿಗೆ ತಿಳಿಯಿತು. ನಿಧಾನಕ್ಕೆ ತಿರುಗಿ ನಿಂಬೆವ್ವನ ಕಡೆ ನೋಡಿದಳು, ಆಮೇಲೆ ನಿಂಬೆವ್ವನ ಸೀರೆಯ ನೆರಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದ ಭರಮವ್ವನ ಕಡೆ. ಮಗು ಅವಳನ್ನು ನೋಡಿದ್ದೇ ತಲೆ ತಗ್ಗಿಸಿ ಭುಜ ಮುದುಡಿಕೊಂಡಿತು. ಸುಲೋಚನಕ್ಕ ಆ ಮುದುಡಿದ ಭುಜವನ್ನೇ ನೋಡುತ್ತ ನಿಂತಳು. ಎಷ್ಟೋ ಮನೆಯ ಬಾಗಿಲಲ್ಲಿ ಅಂಥ ಭುಜಗಳನ್ನು ಕಂಡು, ತಾನೇ ತಬ್ಬಿಕೊಂಡು ಕರೆತಂದವಳು ಅವಳು.

"ಏನವಾ ಸುಲೋಚನಾ?" ಅಂದರು ಹಿರಿಯರೊಬ್ಬರು. "ಒಣಗೈತೋ ಇಲ್ಲೋ?"

"ಇಲ್ಲ," ಅಂದಳು ಸುಲೋಚನಕ್ಕ. ಎಲ್ಲರಿಗೂ ಕೇಳುವ ಹಾಗೆ ಮತ್ತೊಮ್ಮೆ ಹೇಳಿದಳು. "ಭರಮವ್ವನ ಬಟ್ಟಿ ಇನ್ನೂ ಹಸೀನ ಐತಿ. ಇದು ಒಣಗೂ ಹಸಿ ಅಲ್ಲ."

ಒದ್ದೆಯಾದ ಕೈಯನ್ನು ಒರೆಸಿಕೊಳ್ಳದೆ ಹಾಗೆಯೇ ಮುಂದಕ್ಕೆ ಹಿಡಿದುಕೊಂಡು ಅವಳು ಮನೆಗೆ ಹೋದಳು.

ಈಗ ನಾವು ಸುತ್ತು ಹೋದಾಗ ಮೊದಲು ಮನೆಯಲ್ಲಿ ಎಷ್ಟು ಜನ ಎಂದು ಕೇಳುತ್ತೇವೆ, ಆಮೇಲೆ ಹಗ್ಗ ನೋಡುತ್ತೇವೆ. ಹಗ್ಗದ ಮೇಲೆ ಬಟ್ಟೆಯೇ ಇಲ್ಲದವರು ಇನ್ನೂ ಕೆಲವರು ಸಿಕ್ಕಿದ್ದಾರೆ. ಭರಮವ್ವ ಶಾಲೆಗೆ ಹೋಗುತ್ತಾಳೆ, ಉದ್ದವಾಗಿದ್ದಾಳೆ, ನಿಂಬೆವ್ವನಿಗೇ ಎದುರು ಮಾತಾಡುತ್ತಾಳೆ. ಆ ಫ್ರಾಕು ಈಗ ಅವಳ ಒಂದು ತೋಳಿಗೂ ಸಾಲದು. ಬಿಸಿಲಿಗೆ ಹಳದಿ ಹೋಗಿ ಬೆಳ್ಳಗಾಗಿದೆ. ನಾಲ್ಕು ದಾರಿಯ ಹಗ್ಗದ ಮೇಲೆ ಅದು ಇನ್ನೂ ಹಸಿಯಾಗಿಯೇ ಇದೆ. ದಿನಾ ನಸುಕಿನಲ್ಲೊಮ್ಮೆ, ಓಣಿ ಮಲಗಿದ ಮಧ್ಯಾಹ್ನ ಇನ್ನೊಮ್ಮೆ, ನಮ್ಮಲ್ಲಿ ಒಬ್ಬರು ಹೋಗಿ ನೀರು ಹಾಕಿ ಬರುತ್ತೇವೆ. ನಾಳೆ ನನ್ನ ಸರದಿ, ತಂಬಿಗೆ ತುಂಬಿ ಬಾಗಿಲ ಹತ್ತಿರ ಇಟ್ಟಿದ್ದೇನೆ.